ಈಶಾನ್ಯ ಮೂಲೆ ಮತ್ತು ಅರವತ್ತು ಮೆಣಸಿನಕಾಯಿ

ಬ್ಯಾಡಗಿ ಸ್ಟೇಷನ್ನಿನಲ್ಲಿ ಇಳಿಯುವವರಲ್ಲಿ ಹೊಸಬರು ಯಾರು, ಊರವರು ಯಾರು ಎಂದು ನಾನು ಮುಖ ನೋಡದೆ ಹೇಳಬಲ್ಲೆ. ಹೊಸಬರು ಸೀನುತ್ತಾರೆ. ಮೆಣಸಿನಕಾಯಿ ಹಂಗಾಮಿನಲ್ಲಿ ಇಲ್ಲಿಯ ಗಾಳಿಗೇ ಘಾಟು. ಊರವರ ಮೂಗು ಅದಕ್ಕೆ ಪಳಗಿರುತ್ತದೆ. ಮೂರು ದಶಕ ಈ ಊರಿನ ಹೈಸ್ಕೂಲಿನಲ್ಲಿ ಗಣಿತ ಹೇಳಿದ ನನ್ನ ಮೂಗಂತೂ ಆ ಘಾಟನ್ನು ನಶ್ಯದ ಹಾಗೆ ಏರಿಸಿಕೊಂಡೇ ಬೆಳೆದದ್ದು. ಆದರೆ ಹಾವೇರಿಗೆ ಮನೆ ಬದಲಾಯಿಸಿ ಎರಡು ವರ್ಷವಾಯಿತು. ಈ ಸಲ ರೈಲಿನಿಂದ ಕಾಲು ಕೆಳಗಿಟ್ಟವನೇ ಸೀನಿದೆ. ಒಂದಲ್ಲ, ಸಾಲು ಸೀನು. ಪಕ್ಕದಲ್ಲಿ ಶೇಂಗಾ ಮಾರುತ್ತಿದ್ದ ಹೆಣ್ಣುಮಗಳು, "ಯಾವೂರ್ರಿ ಅಜ್ಜಾರ ನಿಮ್ಮದು?" ಎಂದು ಕೇಳಿದಳು. ನನ್ನನ್ನು ಕೇಳಿದಳು. ಅವಳಪ್ಪನಿಗೆ ಮಗ್ಗಿ ಕಲಿಸಿದವನೂ ನಾನೇ ಇರಬೇಕು.

ಸಿಟ್ಟು ಬಂತು. ಸೀನು ನಿಂತರೂ ಸಿಟ್ಟು ನಿಲ್ಲಲಿಲ್ಲ, ಯಾಕೆಂದರೆ ಅದು ಆ ಹೆಣ್ಣುಮಗಳ ಮೇಲಿನದಲ್ಲ. ನಾಲ್ಕು ವರ್ಷದ ಹಿಂದಿನದು. ಕೋಲ್ಡ್ ಸ್ಟೋರೇಜಿನ ಮೆಣಸಿನಕಾಯಿಯ ಹಾಗೆ ತಣ್ಣಗೆ ಇಟ್ಟಿದ್ದೆ, ಬಣ್ಣ ಒಂದಿಷ್ಟೂ ಕೆಟ್ಟಿರಲಿಲ್ಲ.

ಹಿಂದಿನ ದಿನ ಹುಸೇನಸಾಬನ ಫೋನು ಬಂದಿತ್ತು. "ಮಾಸ್ತರ, ಒಂದ್ ಸಲ ಬಂದ್ ಹೋಗ್ರಿ," ಎಂದಷ್ಟೇ ಹೇಳಿ ಇಟ್ಟಿದ್ದ. ಅವನು ಕಡಿಮೆ ಮಾತಾಡಿದರೆ ವಿಷಯ ದೊಡ್ಡದಿದೆ ಎಂದು ಅರ್ಥ. ಸ್ಟೇಷನ್ನಿನಿಂದ ಕೋಲ್ಡ್ ಸ್ಟೋರೇಜಿನ ಕಡೆ ನಡೆಯುತ್ತಾ ನಡೆಯುತ್ತಾ ಆ ವರ್ಷದ ಹಂಗಾಮೆಲ್ಲ ಮೂಗಿನಿಂದ ತಲೆಗೆ ಏರಿತು.

ಹುಸೇನಸಾಬ ಹಮಾಲರ ಗುಂಪಿನ ಮುಖಂಡ. ಎಂಟನೇ ಇಯತ್ತೆಯಲ್ಲಿ ನನ್ನ ಕೈಯಲ್ಲಿ ಎರಡು ಸಲ ನಪಾಸಾಗಿ, ಮೂರನೇ ಸಲ ತಾನೇ ಶಾಲೆಯನ್ನು ನಪಾಸು ಮಾಡಿ ಚೀಲ ಹೊರಲು ಹೋದವನು. ಅವನ ಗುಂಪು ದುಡಿಯುವುದು ಗುರುಸಿದ್ದಪ್ಪನ ಕೋಲ್ಡ್ ಸ್ಟೋರೇಜಿನಲ್ಲಿ. ಹೊರಗೆ ಬಿಟ್ಟರೆ ಮಳೆಗಾಲದ ಹೊತ್ತಿಗೆ ಬಿಳಿಚಿಕೊಳ್ಳುವ ಮೆಣಸಿನಕಾಯಿ ಆ ಚಳಿಯಲ್ಲಿ ವರ್ಷವಾದರೂ ಮದುಮಗಳ ಹಾಗೆ ಕೆಂಪಗಿರುತ್ತದೆ. ದೊಡ್ಡ ಕೋಣೆಯಲ್ಲಿ ಅರವತ್ತು ಜಾಗ. ಒಬ್ಬ ಮಾಲಕನ ಚೀಲಗಳೆಲ್ಲ ಸೇರಿ ಒಂದು ಲಾಟು, ಒಂದು ಜಾಗಕ್ಕೆ ಒಂದು ಲಾಟು. ಫೆಬ್ರವರಿಯಿಂದ ಬೇಸಿಗೆಯವರೆಗೆ ತುಂಬುತ್ತಾರೆ, ಮಳೆ ಬಿದ್ದ ಮೇಲೆ ಒಂದೊಂದಾಗಿ ತೆಗೆಯುತ್ತಾರೆ. ಕಷ್ಟ ಇರುವುದು ತೆಗೆಯುವುದರಲ್ಲಿ. ಹಿಂದಿನ ಲಾಟು ಬೇಕೆಂದರೆ ಅದರ ಮುಂದಿನವನ್ನೆಲ್ಲ ಹೊತ್ತು ಹೊರಗಿಡಬೇಕು, ಬೇಕಾದದ್ದನ್ನು ತೆಗೆಯಬೇಕು, ಉಳಿದದ್ದನ್ನು ಮತ್ತೆ ಹೊತ್ತು ಒಳಗಿಡಬೇಕು. ಹಮಾಲರು ಇದಕ್ಕೆ ಅಗೆಯುವುದು ಎನ್ನುತ್ತಾರೆ. ಒಳಗಿಟ್ಟ ಚೀಲಕ್ಕೆ ಕೂಲಿ ಉಂಟು, ಹೊರಗೆ ತಂದ ಚೀಲಕ್ಕೆ ಕೂಲಿ ಉಂಟು. ಅಗೆದದ್ದಕ್ಕೆ ಇಲ್ಲ. ಕೇಳಿದರೆ ಗುರುಸಿದ್ದಪ್ಪ, "ಚೀಲ ಇದ್ದಲ್ಲೇ ಅದಾವಲ್ಲೋ, ಕೂಲಿ ಯಾತರದು?" ಎನ್ನುತ್ತಿದ್ದ.

ಅದಕ್ಕಿಂತ ಮುಂಚಿನ ಮಳೆಗಾಲದಲ್ಲಿ ಅಗೆದೂ ಅಗೆದೂ, ಬೆವರಿನ ಮೈಯಲ್ಲಿ ಆ ಚಳಿಗೆ ಹೋಗಿ ಬಂದೂ, ಹುಸೇನಸಾಬನ ಬಲಭುಜ ಹಿಡಿದುಕೊಂಡಿತ್ತು. ಕೈ ತಲೆಯ ಮೇಲೆ ಏರುತ್ತಿರಲಿಲ್ಲ. ಇನ್ನೊಂದು ಮಳೆಗಾಲ ಹೀಗೇ ಅಗೆದರೆ ಆಮೇಲೆ ಚೀಲದ ಆಸೆ ಬಿಡಬೇಕು ಎಂದು ರಾಣೆಬೆನ್ನೂರಿನ ಡಾಕ್ಟರು ಹೇಳಿದ್ದರು. ಅವನು ಅದನ್ನು ನನ್ನ ಮುಂದೆ ನಗುತ್ತಾ ಹೇಳಿದ. ನನಗೆ ನಗು ಬರಲಿಲ್ಲ. ನನಗೆ ನಗು ಬಾರದ ಸಂದರ್ಭಗಳು ಬಹಳ ಕಡಿಮೆ ಎಂದು ಊರಿಗೇ ಗೊತ್ತು.

ಅದೇ ಹೊತ್ತಿಗೆ ನೇತ್ರಾ ಬಂದಳು. ಕುಪ್ಪೇಲೂರಿನ ಹುಡುಗಿ, ದಿನಾ ಬಸ್ಸಿನಲ್ಲಿ ರಾಣೆಬೆನ್ನೂರಿಗೆ ಹೋಗಿ ಇಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದಳು. ಅವಳಪ್ಪನ ಮೆಣಸಿನಕಾಯಿಯೂ ಗುರುಸಿದ್ದಪ್ಪನಲ್ಲೇ ಇರುವುದು. ಹಿಂದಿನ ಜೂನಿನಲ್ಲಿ ಅಪ್ಪನ ಜೊತೆ ಬಂದಾಗ, ಹುಸೇನಸಾಬನ ಗುಂಪು ಒಂದೇ ಲಾಟಿಗಾಗಿ ಅರ್ಧ ಕೋಣೆ ಅಗೆಯುವುದನ್ನು ಕಂಡಿದ್ದಳು. ಆ ಲಾಟುಗಳನ್ನು ಹೇಗೆ ಜೋಡಿಸಿದರೆ ವರ್ಷವಿಡೀ ಅಗೆಯುವುದು ಕಡಿಮೆಯಾದೀತು ಎಂದು ಕಂಪ್ಯೂಟರಿನಿಂದ ಕಂಡುಹಿಡಿಯುವುದೇ ಅವಳ ಪ್ರಾಜೆಕ್ಟು.

"ಅಜ್ಜಾರ, ನಿಮ್ಮ ಹೆಸರ ಹೇಳಿದ್ರು. ಪ್ರಾಬಬಿಲಿಟಿ ನಿಮ್ಮಷ್ಟು ಚೊಲೋ ಯಾರೂ ಹೇಳಂಗಿಲ್ಲಂತ," ಎಂದಳು.

"ಯಾರು ಹೇಳಿದ್ರು ಗೊತ್ತಿಲ್ಲ, ಖರೇನ ಹೇಳ್ಯಾರ. ಕುಂದರವ್ವ," ಎಂದೆ. ಹೊಗಳಿಕೆಯನ್ನು ಬೇಡ ಬೇಡ ಎನ್ನುವ ಕಪಟ ನನ್ನಲ್ಲಿಲ್ಲ.

ಅವಳು ಹಿಡಿದಿದ್ದ ದಾರಿಗೆ ಜೆನೆಟಿಕ್ ಅಲ್ಗಾರಿದಮ್ ಎಂದು ಹೆಸರು. ಹೆಸರಿಗೆ ಹೆದರಬೇಡಿ, ದನದ ಪೇಟೆ ಬಲ್ಲವರಿಗೆ ಅದು ಗೊತ್ತೇ ಇದೆ. ಅರವತ್ತು ಲಾಟುಗಳನ್ನು ಅರವತ್ತು ಜಾಗದಲ್ಲಿ ಇಡುವ ಒಂದು ಕ್ರಮವನ್ನು ಒಂದು ಹೋರಿ ಎಂದುಕೊಳ್ಳಿ. ಅಂಥ ಇಪ್ಪತ್ತು ಕ್ರಮಗಳನ್ನು ಕಟ್ಟಿಕೊಳ್ಳುವುದು, ಪ್ರತಿಯೊಂದರಲ್ಲಿ ಎಷ್ಟು ಅಗೆಯಬೇಕಾದೀತು ನೋಡುವುದು. ಹೆಚ್ಚು ಅಗೆಸುವವನ್ನು ಬಿಟ್ಟು, ಕಡಿಮೆ ಅಗೆಸುವ ಎರಡೆರಡನ್ನು ಕೂಡಿಸಿ, ಅರ್ಧ ತಂದೆಯದು ಅರ್ಧ ತಾಯಿಯದು ತೆಗೆದುಕೊಂಡು ಮರಿ ಹುಟ್ಟಿಸುವುದು. ಮರಿಗಳಲ್ಲಿ ಮತ್ತೆ ಒಳ್ಳೆಯವನ್ನು ಆರಿಸುವುದು. ಹೀಗೆ ಇಪ್ಪತ್ತು ತಲೆಮಾರು. ಜೊತೆಗೆ ಒಂದು ಚಿಟಿಕೆ ಹುಚ್ಚುತನ ಬೆರೆಸಬೇಕು: ಆಗೊಮ್ಮೆ ಈಗೊಮ್ಮೆ ಕಾರಣವಿಲ್ಲದೆ ಯಾವುದೋ ಎರಡು ಲಾಟಿನ ಜಾಗ ಅದಲುಬದಲಾಗಬೇಕು. ಅದು ಮ್ಯುಟೇಶನ್. ಆ ಚಿಟಿಕೆ ಎಷ್ಟಿರಬೇಕು ಎನ್ನುವ ಲೆಕ್ಕವೇ ಅವಳನ್ನು ನನ್ನ ಮನೆಯ ಕಟ್ಟೆಗೆ ತಂದದ್ದು.

ಆ ಚಿಟಿಕೆ ಯಾಕೆ ಬೇಕು ಎಂಬುದು ನನಗೆ ಆ ದಿನವೇ ಹೊಳೆಯಿತು, ಅದಕ್ಕೆ ಕಾರಣ ನೇತ್ರಾ ತೋರಿಸಿದ ಫೋಟೋಗಳು. ಹಿಂದಿನ ವರ್ಷಗಳಲ್ಲಿ ಲಾಟು ಇಟ್ಟ ಕ್ರಮವನ್ನು ಕೋಣೆಯ ಬಾಗಿಲ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿರುತ್ತಾರೆ. ಅದನ್ನು ಒರೆಸುವ ಮೊದಲು ಗುರುಸಿದ್ದಪ್ಪ ವರ್ಷ ವರ್ಷವೂ ತೆಗೆಸಿಟ್ಟ ಫೋಟೋಗಳನ್ನು ಪಡೆದು, ಅವನ್ನೇ ಮೊದಲ ತಲೆಮಾರು ಮಾಡು ಎಂದು ಅವಳ ಗೈಡು ಪಾಟೀಲ ಹೇಳಿದ್ದ. ಎಲ್ಲ ಫೋಟೋಗಳಲ್ಲೂ ಉಳಿದ ಲಾಟು ಅತ್ತಿತ್ತ ಓಡಾಡಿವೆ, ಈಶಾನ್ಯ ಮೂಲೆಯ ಲಾಟು ಮಾತ್ರ ಒಂದೇ. ಗುರುಸಿದ್ದಪ್ಪನ ಬೀಗರದು, ಅಂದರೆ ಅವನು ಮಗಳನ್ನು ಕೊಟ್ಟ ಮನೆಯವರದು.

ಹುಸೇನಸಾಬನನ್ನು ಕರೆಸಿ ಕೇಳಿದೆ. ತುಂಬುವ ಮೊದಲ ದಿನ ಪೂಜೆಯಂತೆ. ಮೊದಲು ಬಂದ ಲಾಟಿಗೆ ಕುಂಕುಮ ಹಚ್ಚಿ ಕಾಯಿ ಒಡೆದು ಈಶಾನ್ಯ ಮೂಲೆಯಲ್ಲಿ ಇಡುತ್ತಾರಂತೆ. ಮೊದಲು ಬರುವುದು ಯಾವಾಗಲೂ ಬೀಗರ ಲಾಟು. ಅವರ ಮಾಲು ಊರಿಗೇ ಉತ್ತಮ, ಆದ್ದರಿಂದ ಮೊದಲ ಮಳೆಗೆ ಮೊದಲು ಹೊರಗೆ ಹೋಗುವುದೂ ಅದೇ. ಈಶಾನ್ಯ ಮೂಲೆಯೋ ಬಾಗಿಲಿನಿಂದ ಅತಿ ದೂರ. ಅರವತ್ತರಲ್ಲಿ ಮೊದಲು ಬೇಕಾದದ್ದು ಎಲ್ಲದರ ಹಿಂದೆ.

"ಇದನ್ನ ಈ ಹುಡುಗಿಗೆ ಯಾಕ ಹೇಳಲಿಲ್ಲೋ?" ಎಂದೆ.

"ಅಕಿ ಲಾಟ್ ಹೆಂಗ ಇಡ್ತೀರಿ ಅಂತ ಕೇಳಿದಳ್ರಿ, ಹೇಳಿದ್ವಿ. ಆ ಮೂಲಿ ನಾವ್ ಇಡೋದಲ್ಲ ಮಾಸ್ತರ, ಅದು ದೇವರದು. ಅದನ್ಯಾಕ ಹೇಳೋದು?"

ಭುಜ ಹೋದದ್ದೇ ಆ ಮೂಲೆಯಿಂದ, ಆದರೂ ಅದು ಲೆಕ್ಕಕ್ಕೆ ಬರುವ ವಸ್ತುವೆಂದು ಇಡೀ ಗುಂಪಿಗೆ ಅನ್ನಿಸಿರಲಿಲ್ಲ. ನಮ್ಮೂರಿನ ಜಾಣತನವೇ ಹಾಗೆ. ಬೈದೂ ಬೈದೂ ಹೊರುತ್ತಾರೆ, ಮುಟ್ಟಬಹುದು ಎಂದು ಮಾತ್ರ ಹೊಳೆಯುವುದಿಲ್ಲ.

ಲೆಕ್ಕ ಈಗ ಸ್ವಚ್ಛವಾಯಿತು. ತಂದೆಯ ಮೂಲೆಯಲ್ಲೂ ಬೀಗರು, ತಾಯಿಯ ಮೂಲೆಯಲ್ಲೂ ಬೀಗರು. ಎಷ್ಟು ಕೂಡಿಸಿದರೂ ಹುಟ್ಟುವ ಮರಿಯ ಮೂಲೆಯಲ್ಲಿ ಬೀಗರೇ. ಅವರನ್ನು ಅಲ್ಲಿಂದ ಎಬ್ಬಿಸಲು ಮ್ಯುಟೇಶನ್ ಒಂದಕ್ಕೇ ಸಾಧ್ಯ. ನೇತ್ರಾ ಒಂದೊಂದು ಜಾಗಕ್ಕೂ ನೂರರಲ್ಲಿ ಎರಡು ಸಲ ಬದಲಾಗುವ ಅವಕಾಶ ಇಟ್ಟಿದ್ದಳು. ಹಾಗಾದರೆ ಒಂದು ಮರಿಯಲ್ಲಿ ಎಲ್ಲಾದರೂ ಒಂದು ಬದಲಾವಣೆ ಆಗುವ ಸಾಧ್ಯತೆ ಎಷ್ಟು? ಆಗದಿರುವುದನ್ನು ಮೊದಲು ನೋಡಬೇಕು. ಒಂದು ಜಾಗ ಬದಲಾಗದಿರುವುದು ನೂರಕ್ಕೆ ತೊಂಬತ್ತೆಂಟು. ಅರವತ್ತೂ ಜಾಗ ಬದಲಾಗದಿರಬೇಕಾದರೆ ಆ ತೊಂಬತ್ತೆಂಟರ ಭಾಗವನ್ನು ಅರವತ್ತು ಸಲ ಗುಣಿಸಬೇಕು. ಬರುವುದು ನೂರಕ್ಕೆ ಸುಮಾರು ಮೂವತ್ತು. ಅಂದರೆ ನೂರು ಮರಿಗಳಲ್ಲಿ ಮೂವತ್ತು ಹೆತ್ತವರ ಪಡಿಯಚ್ಚು, ಎಪ್ಪತ್ತರಲ್ಲಿ ಏನಾದರೊಂದು ಹೊಸತು. ಹುಡುಗಿ ಎಪ್ಪತ್ತು ಎಂದೇ ಬರೆದಿದ್ದಳು. ಅದರ ಮೇಲೆ ಕೆಂಪು ಶಾಯಿಯ ಅಡ್ಡಗೆರೆ.

"ಯಾರು ಹೊಡದದ್ದು ಇದನ್ನ?"

"ನಮ್ಮ ಗೈಡ್ ರಿ. ಪಾಟೀಲ ಸರ್."

ಮರುದಿನವೇ ಅವಳ ಜೊತೆ ರಾಣೆಬೆನ್ನೂರಿನ ಬಸ್ಸು ಹತ್ತಿದೆ. ಪಾಟೀಲ ನನ್ನನ್ನು ಕೂರಿಸಿ, ಹೈಸ್ಕೂಲ್ ಮಾಸ್ತರರಿಗೆ ತೋರಿಸುವ ದಯೆ ತೋರಿಸಿ, ಬೋರ್ಡಿನ ಮೇಲೆ ಬರೆದ: ಎರಡು ಗುಣಿಲೆ ಅರವತ್ತು, ನೂರಾ ಇಪ್ಪತ್ತು. ಅಂದರೆ ಮರಿ ಕೆಡುವುದು ಖಂಡಿತ, ಖಂಡಿತಕ್ಕಿಂತ ಹೆಚ್ಚು. ಹಾಗಾಗಿ ಎರಡು ಬಹಳವಾಯಿತು, ಸಾವಿರಕ್ಕೆ ಒಂದು ಸಾಕು ಎಂದ.

"ಅಜ್ಜಾರ, ಇದು ನಿಮ್ಮ ಹೈಸ್ಕೂಲ್ ಗಣಿತ ಅಲ್ರಿ."

"ಹೌದ್ರಿ ಪಾಟೀಲರ. ಹೈಸ್ಕೂಲಿನ್ಯಾಗ ನೂರಕ್ಕ ನೂರಾ ಇಪ್ಪತ್ತು ಕೊಡಂಗಿಲ್ಲ."

ನೇತ್ರಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಪಾಟೀಲ ನಗಲಿಲ್ಲ. ತನ್ನ ಸಾವಿರಕ್ಕೆ ಒಂದನ್ನೇ ಹಾಕಬೇಕು, ಇಲ್ಲದಿದ್ದರೆ ಸಹಿ ಇಲ್ಲ ಎಂದ. ಇಂಥವರನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ತಪ್ಪು ಎಲ್ಲರೂ ಮಾಡುತ್ತಾರೆ, ಹುಸೇನಸಾಬ ಪರೀಕ್ಷೆಯಲ್ಲಿ ಐದರಿಂದ ಎಂಟು ಕಳೆದು ಹದಿಮೂರು ಬರೆದವನು. ಆದರೆ ಅವನು ಅದನ್ನು ಸಹಿ ಹಾಕಿ ಬೇರೆಯವರ ಬೆನ್ನಿನ ಮೇಲೆ ಹೇರಲಿಲ್ಲ. ಅವಳ ಕಂಪ್ಯೂಟರು ಒಂದೊಂದು ಮರಿಯ ವರ್ಷದ ಅಗೆತ ಲೆಕ್ಕ ಹಾಕಲು ಒಂದೂವರೆ ನಿಮಿಷ ಒದ್ದಾಡುತ್ತಿತ್ತು, ಹಾಗಾಗಿ ಒಟ್ಟು ಸಿಗುವುದು ಇಪ್ಪತ್ತು ತಲೆಮಾರಿನ ನಾನೂರು ಮರಿ. ಸಾವಿರಕ್ಕೆ ಒಂದರ ಹಾಗೆ ನಾನೂರರಲ್ಲಿ ಆ ಮೂಲೆಯನ್ನು ಒಮ್ಮೆಯಾದರೂ ಮುಟ್ಟುವುದು ಮೂರರಲ್ಲಿ ಒಂದು ಪಾಲೂ ಇಲ್ಲ. ಮುಟ್ಟಿದರೂ ಸರಿಯಾದ ಲಾಟಿನ ಜೊತೆ ಅದಲುಬದಲಾಗಬೇಕಲ್ಲ. ನೂರಕ್ಕೆ ಎರಡಾದರೆ ಏಳೆಂಟು ಸಲವಾದರೂ ಮುಟ್ಟುತ್ತದೆ. ಈ ಎರಡು ಅಂಕಿಗಳ ನಡುವೆ ಹುಸೇನಸಾಬನ ಭುಜ ಇತ್ತು.

ಸಹಿಗಾಗಿ ಪಾಟೀಲನ ಅಂಕಿ ಹಾಕಿದಾಗ ಬಂದ ಕ್ರಮದಲ್ಲಿ ಮೂಲೆಯಲ್ಲಿ ಬೀಗರೇ ಕೂತಿದ್ದರು. ನಮ್ಮ ಮನೆಯಲ್ಲಿ ಕೂತು ನೇತ್ರಾ ತನ್ನ ಅಂಕಿ ಹಾಕಿ ನಡೆಸಿದಳು. ಬೆಳಗ್ಗೆ ಶುರುವಾದದ್ದು ಸಂಜೆ ಮುಗಿಯಿತು. ಬೀಗರ ಲಾಟು ಬಾಗಿಲ ಪಕ್ಕಕ್ಕೆ ಬಂದಿತ್ತು. ಈಶಾನ್ಯ ಮೂಲೆಯಲ್ಲಿ ಅವಳಪ್ಪನದು. ಆ ಮನುಷ್ಯ ದರಕ್ಕಾಗಿ ಕಾದು ಕಾದು ಮುಂದಿನ ಸಂಕ್ರಾಂತಿಗೆ ತೆಗೆಯುವವನು, ಎಲ್ಲರಿಗಿಂತ ಕೊನೆ. ಅಗೆಯುವುದು ಅರ್ಧಕ್ಕಿಂತ ಕಡಿಮೆಯಾಗಿತ್ತು.

ಹೋಗಿ ಗುರುಸಿದ್ದಪ್ಪನಿಗೆ ತೋರಿಸಿದೆವು. ಅವನು ಕನ್ನಡಕ ಏರಿಸಿ ಎಲ್ಲವನ್ನೂ ನೋಡಿದ, ಮೆಚ್ಚಿದ, ನೇತ್ರಾಳಿಗೆ ಕಬ್ಬಿನ ಹಾಲು ತರಿಸಿದ. ಕೊನೆಗೆ ಬೆರಳನ್ನು ಈಶಾನ್ಯ ಮೂಲೆಯ ಮೇಲಿಟ್ಟ.

"ಎಲ್ಲಾ ನೀ ಹೇಳಿದಂಗ ಮಾಡೋಣವ್ವ. ಇದೊಂದು ಬಿಡು."

ಅದೊಂದನ್ನು ಬಿಟ್ಟರೆ ಉಳಿದದ್ದರಿಂದ ಏನೂ ಆಗುವುದಿಲ್ಲ, ಮೊದಲ ಲಾಟಿಗೇ ಅರ್ಧ ಕೋಣೆ ಅಗೆಯಬೇಕಾಗುತ್ತದೆ ಎಂದು ಹುಡುಗಿ ಮೂರು ಬಗೆಯಲ್ಲಿ ಹೇಳಿ ನೋಡಿದಳು. ಅವನು ಮೂರು ಬಗೆಯಲ್ಲೂ ತಲೆಯಾಡಿಸಿದ. ಮೊದಲು ಬಂದ ಲಾಟಿಗೆ ಪೂಜೆ, ಪೂಜೆಯಾದ ಲಾಟು ಮೂಲೆಗೆ, ಅದು ತನ್ನ ಕೈಯಲ್ಲಿಲ್ಲ. ಹೊರಗೆ ಬಂದಾಗ ನೇತ್ರಾಳ ಕಣ್ಣು ಕೆಂಪಾಗಿತ್ತು. ಮೆಣಸಿನಕಾಯಿಯ ಘಾಟು ಎಂದಳು. ಕುಪ್ಪೇಲೂರಿನ ಹುಡುಗಿಗೆ ಘಾಟು. ನಾನು ನಂಬಿದ ಹಾಗೆ ಮಾಡಿದೆ.

ಆದರೆ ನನಗೆ ಒಂದು ಮಾತು ಕಿವಿಯಲ್ಲಿ ಉಳಿದಿತ್ತು. ಮೊದಲು ಬಂದ ಲಾಟಿಗೆ ಎಂದಿದ್ದ, ಬೀಗರ ಲಾಟಿಗೆ ಎಂದಿರಲಿಲ್ಲ. ಈ ಊರಿನ ಮೂರು ತಲೆಮಾರನ್ನು ಏಪ್ರಿಲ್ ಒಂದನೇ ತಾರೀಖಲ್ಲದ ದಿನವೂ ಮಂಗ ಮಾಡಿದವನು ನಾನು. ಕಂಪ್ಯೂಟರಿನಿಂದ ಆಗದ ಮ್ಯುಟೇಶನ್ ನನ್ನಿಂದ ಆಗದೇನು ಎಂದುಕೊಂಡೆ.

ಪೂಜೆ ಶುಕ್ರವಾರ. ಹತ್ತೂವರೆಗೆ ರಾಹುಕಾಲ ಹಿಡಿಯುತ್ತದೆ, ಅದಕ್ಕಿಂತ ಮುಂಚೆ ಕಾಯಿ ಒಡೆಯಬೇಕು. ಕೋಲ್ಡ್ ಸ್ಟೋರೇಜಿಗೆ ತಿರುಗುವ ಮೂಲೆಯಲ್ಲಿ ಚಹಾದಂಗಡಿ ಇದೆ, ಬೀಗರು ಅಲ್ಲಿ ಟೆಂಪೋ ನಿಲ್ಲಿಸಿ ಚಹಾ ಕುಡಿಯದೆ ಮುಂದೆ ಹೋಗುವವರಲ್ಲ. ಪಂದ್ಯವೆಂದರೆ ಅವರಿಗೆ ಪ್ರಾಣ. ಪಾಟೀಲನೂ ಆ ದಿನ ಪ್ರಾಜೆಕ್ಟಿನ ಫೋಟೋ ತೆಗೆಸಿಕೊಳ್ಳಲು ರಾಣೆಬೆನ್ನೂರಿನಿಂದ ಬರುವವನಿದ್ದ. ನಾನು ಬೆಳಗ್ಗೆಯೇ ಹೋಗಿ ಗೋಣಿತಟ್ಟು ಹಾಸಿ ಮೆಣಸಿನಕಾಯಿಯ ರಾಶಿ ಸುರಿದೆ. ಐವತ್ತು ಕಾಯಿಯಲ್ಲಿ ಒಂದು, ಬಿಸಿಲಿಗೆ ಬಿಳಿಚಿದ ಬಿಳಿ ಕಾಯಿ. ಕೈಗೆ ಎರಡೂ ಒಂದೇ, ಕಣ್ಣಿಗೆ ಮಾತ್ರ ಬೇರೆ.

ಇಬ್ಬರೂ ಬಂದು ಕೂತ ಮೇಲೆ ಊರ ಮುಂದೆ ಕೇಳಿದೆ.

"ಪಾಟೀಲರ, ಇದರಾಗ ನೂರಕ್ಕ ಎರಡು ಬಿಳಿ ಕಾಯಿ ಅದಾವ. ಕಣ್ಣ ಕಟಗೊಂಡು ಅರವತ್ತು ಆರಿಸಿದ್ರ ಒಂದಾದ್ರೂ ಬಿಳಿದು ಬಂದ ಬರ್ತೈತೇನು?"

"ಬಂದ ಬರ್ತೈತಿ. ಲೆಕ್ಕ ಮಾಡೇ ತೋರಿಸೀನಲ್ರಿ ನಿಮಗ."

"ಪ್ರತಿ ಸಲ?"

"ಪ್ರತಿ ಸಲ."

ಮೀನು ಗಾಳ ನುಂಗಿತು. ಒಂದು ಕೈಯಾದರೂ ಬಿಳಿ ಇಲ್ಲದೆ ಬಂದರೆ ಪಾಟೀಲ ಒಂದು ಚೀಲ ಬೆನ್ನ ಮೇಲೆ ಹೊತ್ತು ಕೋಲ್ಡ್ ಸ್ಟೋರೇಜಿನವರೆಗೆ ನಡೆಯಬೇಕು, ಎಲ್ಲ ಕೈಯಲ್ಲೂ ಬಿಳಿ ಬಂದರೆ ನಾನು ಹೊರಬೇಕು. ಒಬ್ಬೊಬ್ಬರು ಅರವತ್ತು ಆರಿಸಿದರೆ ಒಂದು ಕೈ, ಒಟ್ಟು ನಾಲ್ಕು ಕೈ ಎಂದು ಗೊತ್ತುಮಾಡಿದೆವು. ಬೀಗರು ಕುರ್ಚಿ ಹತ್ತಿರ ಎಳೆದುಕೊಂಡರು. ನಾನೇನು ದೇವರ ಮೇಲೆ ಭಾರ ಹಾಕಿ ಪಂದ್ಯ ಕಟ್ಟಿದವನಲ್ಲ. ಒಂದು ಕೈ ಖಾಲಿ ಬರುವುದು ನೂರಕ್ಕೆ ಮೂವತ್ತೇ ಇರಬಹುದು, ನಾಲ್ಕರಲ್ಲಿ ಒಂದಾದರೂ ಖಾಲಿ ಬರುವುದು ನೂರಕ್ಕೆ ಎಪ್ಪತ್ತೈದರ ಮೇಲೆ. ಸೋತರೂ ಚಿಂತೆ ಇರಲಿಲ್ಲ. ನನಗೆ ಬೇಕಾದದ್ದು ಗೆಲುವಲ್ಲ, ಹೊತ್ತು. ಕಣ್ಣು ಕಟ್ಟಿಕೊಂಡು ಅರವತ್ತು ಕಾಯಿ ಎಣಿಸಿ, ಮತ್ತೆ ರಾಶಿಗೆ ಹಾಕಿ ಕಲೆಸುವುದು ಕಡಿಮೆ ಕೆಲಸ ಅಂದುಕೊಂಡಿರೇನು?

ಮೊದಲ ಕೈ ಪಾಟೀಲನದೇ. ಒಂದು ಬಿಳಿ ಬಂತು. ಎರಡನೆಯದು ಬೀಗರ ಟೆಂಪೋ ಚಾಲಕನದು, ಎರಡು ಬಿಳಿ. ಮೂರನೆಯದು ಚಹಾದವನದು, ಅದರಲ್ಲೂ ಒಂದು. ಪಾಟೀಲ ಗಲ್ಲ ಉಬ್ಬಿಸಿ ಎರಡನೇ ಚಹಾ ಹೇಳಿದ. ನನ್ನ ಮುಖ ಸೋತವನ ಹಾಗಿತ್ತು. ಆ ಮುಖ ಹೊಂದಿಸಿಕೊಳ್ಳಲು ನನಗೆ ವರ್ಷಗಳೇ ಹಿಡಿದಿವೆ. ಬೀಗರು ಗಡಿಯಾರ ನೋಡಿ ಎದ್ದರು.

"ಲಗೂ ಮುಗಸ್ರಿ ಮಾಸ್ತರ, ರಾಹುಕಾಲ ಬರ್ತೈತಿ."

"ಕಡೀ ಕೈ ನಿಮ್ಮದ ಆಗಲಿ, ಬೀಗರ. ನಿಮ್ಮ ಕೈ ಗುಣ ಊರಿಗೇ ಗೊತ್ತೈತಿ," ಎಂದೆ. ಆ ಮಾತಿಗೆ ಅವರು ಕೂತುಬಿಟ್ಟರು. ಅವರದೇ ಟವೆಲಿನಿಂದ ಕಣ್ಣು ಕಟ್ಟಿದೆ. ಪೇಟೆಯ ಟವೆಲು, ಧೂಳೆಲ್ಲ ಮೆಣಸಿನಕಾಯಿಯದು. ಕಣ್ಣಲ್ಲಿ ನೀರು ಸುರಿಸುತ್ತಾ ಎಣಿಸತೊಡಗಿದರು. ಅವರು ಮೂವತ್ತರ ಹತ್ತಿರ ಬಂದಾಗ ಕುಪ್ಪೇಲೂರಿನ ಟ್ರ್ಯಾಕ್ಟರು ಅವರ ಬೆನ್ನ ಹಿಂದೆ ತಿರುಗಿತು. ನೇತ್ರಾ ಅಪ್ಪನ ಪಕ್ಕದಲ್ಲಿ ಕೂತಿದ್ದಳು, ತಲೆಯ ಮೇಲೆ ಸೆರಗಿನ ಹಾಗೆ ದುಪಟ್ಟಾ ಎಳೆದುಕೊಂಡು.

"ಯಾರ ಟ್ರ್ಯಾಕ್ಟರ್ ಅದು?" ಬೀಗರು ಕೇಳಿದರು.

"ನೀರಿನ ಟ್ಯಾಂಕರ್ ರಿ. ಎಣಿಕಿ ತಪ್ತು ನೋಡ್ರಿ, ಮತ್ತ ಒಂದರಿಂದ ಹಿಡೀರಿ."

ಸುತ್ತ ನಿಂತವರೆಲ್ಲ ನೋಡುತ್ತಿದ್ದರು. ಒಬ್ಬನೂ ಬಾಯಿ ಬಿಡಲಿಲ್ಲ. ಹಮಾಲರು ಹೆಚ್ಚು ಇದ್ದ ಅಂಗಡಿ ಅದು. ಬೀಗರು ಮತ್ತೆ ಒಂದರಿಂದ ಹಿಡಿದು ಅರವತ್ತು ಮುಟ್ಟಿಸಿ ಟವೆಲು ಬಿಚ್ಚಿದರು. ಆರಿಸಿ ಹಾಕಿದ ಬುಟ್ಟಿಯಲ್ಲಿ ಒಂದೂ ಬಿಳಿ ಕಾಯಿ ಇರಲಿಲ್ಲ. ಕುಂಕುಮದ ಬಟ್ಟಲಿನಷ್ಟು ಕೆಂಪು. ಪಾಟೀಲ ಬುಟ್ಟಿಯನ್ನು ಮಗುಚಿ ಹುಡುಕಿದ, ತಳವನ್ನು ಬಡಿದ. ಅಷ್ಟರಲ್ಲಿ ಕೋಲ್ಡ್ ಸ್ಟೋರೇಜಿನ ಕಡೆಯಿಂದ ಗಂಟೆ ಕೇಳಿಸಿತು. ರಾಹುಕಾಲಕ್ಕೆ ಹೆದರಿದ ಗುರುಸಿದ್ದಪ್ಪ ಬೀಗರಿಗಾಗಿ ಕಾದು, ಕಾದು, ಗೇಟಿಗೆ ಮೊದಲು ಬಂದ ಲಾಟಿಗೆ ಕುಂಕುಮ ಹಚ್ಚಿ ಕಾಯಿ ಒಡೆದಿದ್ದ.

ಹುಸೇನಸಾಬನೇ ಬಂದು, ಎಡಗೈಯಿಂದ, ಪಾಟೀಲನ ಬೆನ್ನ ಮೇಲೆ ಚೀಲ ಏರಿಸಿದ. ನಾಲ್ಕು ಹೆಜ್ಜೆ ನಡೆದ ಮನುಷ್ಯ ಐದನೆಯದಕ್ಕೆ ಕೂತ. ಯಾರೋ ಫೋಟೋ ತೆಗೆದರು. ಅವನು ಫೋಟೋಕ್ಕೆಂದೇ ಬಂದವನಲ್ಲವೇ?

ಉಳಿದ ಲಾಟುಗಳೆಲ್ಲ ನೇತ್ರಾಳ ಕ್ರಮದಂತೆ ತುಂಬಿದವು. ಮೃಗಶಿರಾ ಮಳೆ ಹಿಡಿದಾಗ ಬೀಗರ ಲಾಟಿಗೆ ಕರೆ ಬಂತು. ನಾನು ನೋಡಲೆಂದೇ ಹೋಗಿದ್ದೆ. ಬಾಗಿಲ ಪಕ್ಕದ ಚೀಲಗಳನ್ನು ಗುಂಪಿನವರು ಹೊತ್ತು ಲಾರಿಗೆ ಹಾಕಿದರು, ಅಷ್ಟಕ್ಕೆ ಮುಗಿಯಿತು. ಹುಸೇನಸಾಬ ಬಾಗಿಲಲ್ಲಿ ನಿಂತು ಒಳಗೆ ಇಣುಕಿದ, ಮತ್ತೆ ನನ್ನ ಕಡೆ ನೋಡಿದ.

"ಇಷ್ಟ ಏನ್ರಿ ಮಾಸ್ತರ?"

ಅವನಿಗೆ ನಂಬಿಕೆಯಾಗಲಿಲ್ಲ. ಕೈ ಏನು ಮಾಡಬೇಕೆಂದು ತಿಳಿಯದೆ ಬೀಡಿ ಹಚ್ಚಿದ. ಆ ಮಳೆಗಾಲ ಮುಗಿಯುವ ಹೊತ್ತಿಗೆ ಅವನ ಬಲಗೈ ಕಿವಿಯವರೆಗೆ ಏರುತ್ತಿತ್ತು.

ಇಲ್ಲಿಗೆ ನಿಲ್ಲಿಸಿದರೆ ಇದು ಸಂತೋಷದ ಕಥೆ. ಆದರೆ ನಾನು ಸಂತೋಷದಲ್ಲಿ ಇಲ್ಲ. ಮೃಗಶಿರಾ ಮಳೆಯ ತಿಂಗಳಲ್ಲೇ ನೇತ್ರಾಳ ಮೌಖಿಕ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರು ಫಲ ಚೆನ್ನಾಗಿದೆ, ಮ್ಯುಟೇಶನ್ ಎಷ್ಟು ಇಟ್ಟಿರಿ ಎಂದು ಕೇಳಿದರಂತೆ. ಅವಳು ಬಾಯಿ ತೆರೆಯುವ ಮೊದಲೇ ಪಾಟೀಲ, ನಾನೇ ಸಾವಿರಕ್ಕೆ ಒಂದು ಎಂದು ಹಾಕಿಸಿದೆ ಎಂದನಂತೆ. ಹುಡುಗಿ ಎದ್ದು ಬೋರ್ಡಿನ ಮೇಲೆ ತೊಂಬತ್ತೆಂಟರ ಲೆಕ್ಕ ಬರೆದಳು. ಒರೆಸು ಎಂದ. ಒರೆಸಲಿಲ್ಲ. ಚೀಲ ಹೊರಿಸಿದವನು ನಾನು, ಪಾಟೀಲ ಸೇಡು ತೀರಿಸಿಕೊಂಡದ್ದು ಅವಳ ಅಂಕಗಳಲ್ಲಿ. ಪಾಸಿಗೆ ಎಷ್ಟು ಬೇಕೋ ಅಷ್ಟನ್ನೇ ಕೊಡಿಸಿ, ಆಮೇಲೆ ಎಲ್ಲಿ ಹೋದರೂ ತನ್ನ ಸಾವಿರಕ್ಕೆ ಒಂದರ ಮಹಿಮೆ ಹೇಳುತ್ತಾ ತಿರುಗಿದ. ಈಗಲೂ ತಿರುಗುತ್ತಿದ್ದಾನೆ. ನೇತ್ರಾ ಹಾವೇರಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ, ಅವಳಿಗೆ ಸಿಟ್ಟಿಲ್ಲವಂತೆ. ಅವಳ ಪಾಲಿನದನ್ನೂ ನಾನೇ ಇಟ್ಟುಕೊಂಡಿದ್ದೇನೆ.

ಹೀಗೆಲ್ಲ ನೆನೆಯುತ್ತಾ ಕೋಲ್ಡ್ ಸ್ಟೋರೇಜಿನ ಗೇಟು ಮುಟ್ಟಿದೆ. ನಾಳೆ ಶುಕ್ರವಾರ, ಮತ್ತೆ ರಾಹುಕಾಲದ ಮೊದಲು ಪೂಜೆ, ಕೋಣೆ ತೊಳೆಯುತ್ತಿದ್ದರು. ಹುಸೇನಸಾಬ ನನ್ನನ್ನು ಗೋಡೆಯ ಮರೆಗೆ ಕರೆದುಕೊಂಡು ಹೋದ.

"ಮತ್ತ ಅಗಿಯೋದು ಬಂತು, ಮಾಸ್ತರ."

ಪಂದ್ಯ ನಡೆದ ಆ ವರ್ಷ ಮೆಣಸಿನಕಾಯಿಗೆ ದರ ಚೆನ್ನಾಗಿ ಬಂದಿತ್ತು. ಕುಪ್ಪೇಲೂರಿನ ಲಾಟಿನ ಕಾಲ್ಗುಣ ಎಂದು ಗುರುಸಿದ್ದಪ್ಪ ತೀರ್ಮಾನಿಸಿದ. ಅಂದಿನಿಂದ ಪ್ರತಿ ವರ್ಷ ನೇತ್ರಾಳ ಅಪ್ಪನ ಟ್ರ್ಯಾಕ್ಟರು ಬರುವವರೆಗೆ ಗೇಟನ್ನೇ ತೆಗೆಸುವುದಿಲ್ಲ. ಇಷ್ಟು ದಿನ ಅದರಿಂದ ಒಳ್ಳೆಯದೇ ಆಯಿತು, ಅವಳಪ್ಪ ಕೊನೆಗೆ ತೆಗೆಯುವವನಾದ್ದರಿಂದ. ಆದರೆ ಈ ಸಲ ಯಾವುದೋ ಮಸಾಲೆ ಕಂಪನಿಯವರು ಅವನ ಮಾಲನ್ನು ಮೊದಲ ಮಳೆಗೇ ಒಯ್ಯುವುದಾಗಿ ಮಾತಾಡಿದ್ದಾರೆ. ಬೀಗರೋ, ದರ ಏರುವವರೆಗೆ ವರ್ಷವಾದರೂ ತೆಗೆಯುವುದಿಲ್ಲವೆಂದು ಹಟ ಹಿಡಿದಿದ್ದಾರೆ. ಮತ್ತೆ ಮೊದಲು ಬೇಕಾದದ್ದು ಎಲ್ಲದರ ಹಿಂದೆ.

ಗುರುಸಿದ್ದಪ್ಪನ ಬಳಿ ಹೋದೆ. ಈ ಸಲ ಬೀಗರದನ್ನೇ ಮೂಲೆಗೆ ಇಡಪ್ಪ, ನಿನ್ನ ಹಳೆಯ ಪದ್ಧತಿಯೇ ಆಯಿತಲ್ಲ ಎಂದು ತಾಳ್ಮೆಯಿಂದಲೇ ಹೇಳಿದೆ. ಅವನು ನನ್ನನ್ನು ಧರ್ಮ ಬಿಟ್ಟವನನ್ನು ನೋಡುವ ಹಾಗೆ ನೋಡಿದ.

"ಏನ್ ಮಾತಂತ ಆಡ್ತೀರಿ ಮಾಸ್ತರ. ಆ ಮೂಲಿ ಕುಪ್ಪೇಲೂರಿಂದು. ನಮ್ಮ ಹಿರಿಯಾರ ಕಾಲದಿಂದ ಬಂದದ್ದು."

ಹಿರಿಯರ ಕಾಲ. ನಾಲ್ಕು ವರ್ಷ. ಆ ಹಿರಿಯನಾದ ನಾನು ಅವನ ಎದುರಿಗೇ ನಿಂತಿದ್ದೆ, ಮೂಗು ಸೋರುತ್ತಿತ್ತು. ಅವನ ಕೆನ್ನೆಗೆ ಎರಡು ಕೊಡಬೇಕೆನ್ನಿಸಿತು. ಎಪ್ಪತ್ತು ದಾಟಿದ ಕೈ, ಅವನಿಗಿಂತ ನನಗೇ ಹೆಚ್ಚು ನೋವಾದೀತೆಂದು ಬಿಟ್ಟೆ. ಹೊರಗೆ ಬಂದು ನೇತ್ರಾಳಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವಳಪ್ಪನಾದರೂ ಒಂದು ಮಾತು ಹೇಳಿ ಬಿಟ್ಟುಕೊಡಬಹುದಲ್ಲ ಎಂದೆ. ಪೂಜೆಯ ಮೊದಲ ಕಾಯಿ ಒಡೆಯುವುದು ತನ್ನ ಲಾಟಿಗೇ ಎಂದು ಅಪ್ಪ ಈಗ ಮೀಸೆ ತಿರುವುತ್ತಾನೆ, ಸತ್ತರೂ ಬಿಡುವವನಲ್ಲ ಎಂದಳು.

"ಅಜ್ಜಾರ, ನಮ್ಮ ಊರಿಗೆ ನೂರಕ್ಕ ಎರಡು ಸಾಲಂಗಿಲ್ರಿ."

"ಮತ್ತೇನ್ ಮಾಡೂಣು?"

"ನಮ್ಮಪ್ಪಗೂ ಪಂದ್ಯ ಅಂದ್ರ ಭಾಳ ಸೇರ್ತೈತಿ. ಟವೆಲ್ ಮಾತ್ರ ಸ್ವಚ್ಛ ಇದ್ದದ್ದು ತರ್ರಿ, ಅವಗ ಕಣ್ಣು ಸೂಕ್ಷ್ಮ."

ಫೋನು ಜೇಬಿಗಿಟ್ಟು ತಿರುವಿನ ಚಹಾದಂಗಡಿಗೆ ನಡೆದೆ. ಚಹಾದವನು ನನ್ನನ್ನು ನೋಡಿದ, ಹಿಂದೆ ಬರುತ್ತಿದ್ದ ಹುಸೇನಸಾಬನನ್ನು ನೋಡಿದ. ಏನು ಬೇಕೆಂದು ಕೇಳಲಿಲ್ಲ. ಒಳಗೆ ಹೋಗಿ ಗೋಣಿತಟ್ಟು ತಂದು, ಎರಡು ಸಲ ಕೊಡವಿ, ಬಿಸಿಲಿಗೆ ಹಾಸಿದ.